ಹಗಲು ಕ್ಯಾಸೆಟ್ಟು, ಇರುಳು ಕ್ಯಾಸೆಟ್ಟು

“ಆಡೋದಾದ್ರೆ ಯಾವುದಾದ್ರೂ ಒಂದನ್ನ ಆಡು. ಎರಡನ್ನೂ ವೈರ್ ಹಾಕಿ ಜೋಡಿಸಬೇಡ.”

ಹೀಗೆ ಹೇಳುವಾಗ ಅಂಗಡಿಯ ಒಡತಿಯ ಅಂಗೈಯಲ್ಲಿ ಎರಡು ಹಳೆಯ ಗೇಮ್ ಕ್ಯಾಸೆಟ್ಟುಗಳಿದ್ದವು. ಹಳದಿಯದರ ಹೆಸರು ‘ಹಗಲು’, ಕಪ್ಪಿನದು ‘ಇರುಳು’. ಎರಡಕ್ಕೂ ಕರೀ ದಾರ ಬಿಗಿದು ಕಟ್ಟಿತ್ತು. ಅಂಗೈಯಗಲದ ಯಂತ್ರದಲ್ಲಿ ಸಿಕ್ಕಿಸಿ, ಕಾಡುಮೇಡು ಅಲೆದು, ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವ ಆಟ ಅದು. ಆಟ ಒಂದೇ ಆದರೂ ಹಗಲಿನಲ್ಲಿ ಸಿಗುವ ಕೆಲವು ಪ್ರಾಣಿಗಳು ಇರುಳಿನಲ್ಲಿ ಸಿಗುವುದಿಲ್ಲ, ಇರುಳಿನವು ಹಗಲಿನಲ್ಲಿಲ್ಲ. ಎಲ್ಲವೂ ಬೇಕೆಂದರೆ ಎರಡು ಯಂತ್ರಗಳನ್ನು ವೈರಿನಿಂದ ಜೋಡಿಸಿ, ಒಂದು ಕೊಟ್ಟು ಒಂದು ತೆಗೆದುಕೊಳ್ಳಬೇಕು.

ಕೇಳಿಸಿಕೊಂಡವನು ಹೊಸಬ. ಫೋನ್ ರಿಪೇರಿ ಬಿಟ್ಟು ನೆಲಮಾಳಿಗೆಯ ಈ ಹಳೇ ಗೇಮುಗಳ ಅಂಗಡಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

“ಯಾಕಕ್ಕ, ಪ್ಲಾಸ್ಟಿಕ್ಕಿಗೂ ಮಾಟ ಮಾಡಿಸ್ತಾರಾ ಈಗ?”

“ಮಾಟಕ್ಕೆ ಬೇಕಾಗಿರೋದು ಒಂದು ಹೆಸರು. ಇದರಲ್ಲಿ ಪ್ರಾಣಿಗಳಿಗೆ ಹೆಸರು ನಾವೇ ಇಡ್ತೀವಲ್ಲ.” ಒಡತಿಯ ದನಿ ತಗ್ಗಿತು. “ಇವು ಮೊದಲು ಯಾರ ಮನೇಲಿದ್ವೋ ಆ ತಾಯಿಗೆ ಇಬ್ಬರು ಮಕ್ಕಳು. ಒಬ್ಬ ಸತ್ತ. ಸತ್ತವನನ್ನ ವಾಪಸ್ ಕರೆಸ್ಬೇಕು ಅಂತ ಯಾರ ಕೈಲೋ ಮಾಡಿಸಿದಳಂತೆ. ಅವನು ಬರಲಿಲ್ಲ. ಆದ್ರೆ ವೈರಲ್ಲಿ ಕೊಟ್ಟಿದ್ದು ನಿಜವಾಗ್ಲೂ ಹೋಗುತ್ತೆ. ನನ್ನ ತಮ್ಮನ್ನ ನೋಡು.”

ತಮ್ಮ ಮೂಲೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಮಾತಿಲ್ಲ, ಕತೆಯಿಲ್ಲ. ಎಬ್ಬಿಸಿದರೆ ನಡೆಯುತ್ತಿದ್ದ, ಆದರೆ ಗೆರೆ ಎಳೆದಂತೆ ನೆಟ್ಟಗೆ. ತಿರುಗುವುದಾದರೆ ಗಕ್ಕನೆ ಪೂರ್ತಿ ಪಕ್ಕಕ್ಕೆ ತಿರುಗಿ ಮತ್ತೆ ನೆಟ್ಟಗೆ. ನಿಂತಾಗಲೂ ಕಾಲು ನಿಲ್ಲುತ್ತಿರಲಿಲ್ಲ, ನಿಂತಲ್ಲೇ ಎತ್ತಿ ಇಡುತ್ತಿದ್ದ. ಟಪ್, ಟಪ್. ಇಂಥವನನ್ನು ಒಡತಿ ‘ತುಂಟ’ ಎಂದು ಕರೆಯುವುದು ಕೇಳಿ ಹೊಸಬ ಒಳಗೊಳಗೇ ನಕ್ಕಿದ್ದ.

“ಅಪ್ಪಿತಪ್ಪಿ ಜೋಡಿಸಿಬಿಟ್ರೂ ಒಂದು ಮಾತು ನೆನಪಿರಲಿ...” ಎಂದು ಅವಳು ಶುರು ಮಾಡಿದಳು.

“ಸಾಕು ಬಿಡಿ ಅಕ್ಕ. ಇನ್ನೂ ಹೇಳಿದ್ರೆ ನನ್ನ ಸೋಲ್ಡರ್ ಕಡ್ಡಿಗೂ ದೆವ್ವ ಹಿಡಿಯುತ್ತೆ.”

ಒಡತಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಹಗಲಿನ ದಾರ ಬಿಚ್ಚಿ ಅದನ್ನು ಅವನ ಕೈಗಿತ್ತು, ಇರುಳನ್ನು ಖಾನೆಯಲ್ಲಿಟ್ಟು ಬೀಗ ಹಾಕಿದಳು.

ಅವನ ದಿನದ ಕೆಲಸ ಒಂದೇ ಬಗೆಯದು. ಹಳೆಯ ಕ್ಯಾಸೆಟ್ಟಿನ ಒಳಗೆ ಬಟನ್ನಿನಂಥ ಸೆಲ್ಲು ಇರುತ್ತದೆ. ಆಡಿದವರ ಆಟವೆಲ್ಲ ನೆನಪಿರುವುದು ಅದರ ಉಸಿರಿನಿಂದ. ಸೆಲ್ಲು ಹಳತಾದರೆ ಸೋಲ್ಡರ್ ಕಡ್ಡಿಯಿಂದ ಬೆಸುಗೆ ಕರಗಿಸಿ ಕಿತ್ತು ಹೊಸತು ಹಾಕುವುದು, ಹಳೆಯದನ್ನು ತಗಡಿನ ಡಬ್ಬಿಗೆ ಎಸೆಯುವುದು. ಕಿತ್ತ ಕೂಡಲೇ ಯಾರೋ ವರ್ಷಗಟ್ಟಲೆ ಸಾಕಿದ ಪ್ರಾಣಿಗಳೆಲ್ಲ ಅಳಿಸಿಹೋಗುತ್ತಿದ್ದವು.

“ಪಾಪ, ಅವೆಲ್ಲ ಎಲ್ಲಿಗೆ ಹೋಗ್ತಾವಣ್ಣ?” ಎಂದು ಒಮ್ಮೆ ತಂಗಿ ಕೇಳಿದ್ದಳು.

“ಇದ್ರೆ ತಾನೇ ಗುಬ್ಬಿ, ಹೋಗೋಕೆ?”

ಗುಬ್ಬಿ ಅವನು ಇಟ್ಟ ಅಡ್ಡಹೆಸರು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನೇ ತಲೆ ಬಾಚಿ, ಗದರಿಸಿ, ಗೋಗರೆದು ಬೆಳೆಸಿದವಳು. ಅವನಿಗೆ ಈ ಜಗತ್ತಿನಲ್ಲಿ ಸ್ವಂತದ್ದೆಂದರೆ ಅವಳೊಬ್ಬಳೇ. ಈಗ ಗೋಡೆಯಾಚೆಯ ಇಸ್ತ್ರಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಉಗಿ ಬುಸ್ಸೆನ್ನುವ ಸದ್ದು, ನಡುನಡುವೆ ಅವಳ ಗುನುಗು ದಿನವಿಡೀ ಅವನಿಗೆ ಕೇಳಿಸುತ್ತಿತ್ತು. ಊಟದ ಹೊತ್ತಿಗೆ ಬುತ್ತಿ ಹಿಡಿದು ಬರುತ್ತಿದ್ದಳು.

ಹಗಲಿನಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ದುಂಡುಮುಖದ, ಪುಕ್ಕ ಕೆದರಿದ ಒಂದು ಮರಿ. ಮುನಿಸಿಕೊಂಡ ತಂಗಿಯ ಹಾಗೇ ಕಂಡಿತು. ಆಟ ಅದರ ಹೆಸರು ಕೇಳಿದಾಗ ಹಿಂದೆಮುಂದೆ ನೋಡದೆ ‘ಗುಬ್ಬಿ’ ಎಂದು ಒತ್ತಿದ. ಎಷ್ಟು ಆಡಿಸಿದರೂ ಮರಿ ಮರಿಯಾಗಿಯೇ ಉಳಿಯಿತು. ಕೊನೆಗೆ ಆಟದೊಳಗಿನ ಮುದುಕನೊಬ್ಬ ಗುಟ್ಟು ಬಿಟ್ಟುಕೊಟ್ಟ. ಈ ಜಾತಿ ಕೈ ಬದಲಾದರೆ, ಇನ್ನೊಂದು ಕ್ಯಾಸೆಟ್ಟಿಗೆ ಹೋದರೆ ಮಾತ್ರ ಬೆಳೆಯುತ್ತದೆ.

ಮಾರನೆಯ ದಿನ ಒಡತಿ ತಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಅವನೊಬ್ಬನೇ. ಖಾನೆಯ ಬೀಗ ಸ್ಕ್ರೂಡ್ರೈವರಿಗೆ ಸುಲಭವಾಗಿ ಬಗ್ಗಿತು.

ಇರುಳಿನ ದಾರ ಬಿಚ್ಚಿದ. ಎರಡು ಯಂತ್ರ, ಎರಡು ಕ್ಯಾಸೆಟ್ಟು, ನಡುವೆ ಬೂದು ಬಣ್ಣದ ವೈರು. ಇರುಳಿನಲ್ಲಿ ಇದ್ದದ್ದು ಒಂದೇ ಪ್ರಾಣಿ. ಕಲ್ಲಿನ ಗೂಡಿನಲ್ಲಿ ಮುದುರಿ ಕೂತ ಕಪ್ಪು ಜೀವ. ಅದರ ಹೆಸರು ‘ತುಂಟ’.

“ಅಕ್ಕನ ತಮಾಷೆ ನೋಡು,” ಎಂದುಕೊಂಡ. ಗುಬ್ಬಿಯನ್ನು ಕೊಟ್ಟು ತುಂಟನನ್ನು ತೆಗೆದುಕೊಳ್ಳುವ ಬಟನ್ ಒತ್ತಿದ.

ಟ್ಯೂಬ್‌ಲೈಟು ಮಂಕಾಯಿತು. ಸೋಲ್ಡರಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಕೂದಲು ಸುಟ್ಟ ವಾಸನೆ. ಪರದೆಯ ಮೇಲೆ ಮರಿ ವೈರಿನೊಳಗೆ ಇಳಿಯಿತು. ಇಳಿಯುವಾಗ ತಿರುಗಿ ನೋಡಿತು. ಯಂತ್ರದಿಂದ ಸಣ್ಣ ಚೀರು ಹೊರಟಿತು, ಕೀಚಲು ಸ್ಪೀಕರಿನ ಚೀರು. ಅದೇ ಗಳಿಗೆಗೆ ಗೋಡೆಯಾಚೆಯ ಗುನುಗು ನಿಂತಿತು. ಇಸ್ತ್ರಿಯ ಉಗಿ ಮಾತ್ರ ಬಿಡುವಿಲ್ಲದೆ ಬುಸ್ಸೆನ್ನುತ್ತಲೇ ಇತ್ತು.

ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇರುಳಿನ ಗೂಡಿನಲ್ಲಿ ಗುಬ್ಬಿ ದೊಡ್ಡದಾಗಿ, ರೆಕ್ಕೆ ಬಂದು ನಿಂತಿತ್ತು. ಖುಷಿಯಾಯಿತು. ಆಮೇಲೆ ಹೆದರಿಕೆಯಾಯಿತು, ಮಾಟಕ್ಕಲ್ಲ, ಒಡತಿಗೆ. ಅವಳು ಇರುಳನ್ನು ಯಂತ್ರಕ್ಕೆ ಹಾಕಿ ನೋಡಿದರೆ ತುಂಟನಿಲ್ಲ, ಗುಬ್ಬಿ ಇದೆ. ಕಳ್ಳತನ ಬಯಲಾಗುತ್ತದೆ. ವಾಪಸ್ ಬದಲಿಸೋಣವೆಂದರೆ ಹಗಲಿನಲ್ಲಿ ತುಂಟ ಕಾಣಲೇ ಇಲ್ಲ. ಗುರುತು ಅಳಿಸಲು ಅವನ ಕೈಗೆ ಗೊತ್ತಿದ್ದ ದಾರಿ ಒಂದೇ. ಇರುಳಿನ ಕವಚ ಬಿಚ್ಚಿದ. ಕಡ್ಡಿ ಕಾಯಿಸಿ, ಸೆಲ್ಲು ಕಿತ್ತು, ಡಬ್ಬಿಗೆ ಎಸೆದ. ಹೊಸತು ಕೂರಿಸಿದ. ಹಳೇ ಸೆಲ್ಲು ತಾನಾಗಿ ಸತ್ತಿತು ಎಂದರಾಯಿತು.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಟಪ್, ಟಪ್.

“ಬಾ ಗುಬ್ಬಿ, ಹೊಟ್ಟೆ ತಾಳ ಹಾಕ್ತಿದೆ.”

ಅವಳು ನೆಟ್ಟಗೆ ಒಳಗೆ ಬಂದಳು. ಗಕ್ಕನೆ ಎಡಕ್ಕೆ ತಿರುಗಿದಳು. ಮತ್ತೆ ನೆಟ್ಟಗೆ. ಗೋಡೆ ಬಂತು, ಆದರೂ ನಡೆಯುತ್ತಲೇ ಇದ್ದಳು. ಹಣೆ ಗೋಡೆಗೆ ತಾಗಿತ್ತು, ಕಾಲು ಏಳುತ್ತಿತ್ತು, ಇಳಿಯುತ್ತಿತ್ತು. ಕೈಯಲ್ಲಿ ಬುತ್ತಿ ಇರಲಿಲ್ಲ. ಅಂಗೈ ಇಸ್ತ್ರಿಪೆಟ್ಟಿಗೆಗೆ ಒತ್ತಿಕೊಂಡು ಬೆಂದು ಬೊಬ್ಬೆ ಎದ್ದಿತ್ತು. ಅವಳಿಗೆ ನೋವೇ ಇರಲಿಲ್ಲ.

“ಗುಬ್ಬಿ.”

ಭುಜ ಹಿಡಿದು ತಿರುಗಿಸಿದ. ಕಣ್ಣು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆಗಳು, ಈ ಸಲ ಓಡುವ ಹೆಜ್ಜೆಗಳು. ಒಡತಿ ಏದುಸಿರು ಬಿಡುತ್ತ ಬಂದಳು. ಅವಳ ಕೈ ಹಿಡಿದು ತಮ್ಮ ಬಂದ, ಎಡವುತ್ತ, ವಾಲುತ್ತ, ಎಲ್ಲರಂತೆ ನಡೆಯುತ್ತ. ಅಳುತ್ತಿದ್ದ.

“ಇವನು ಮಾತಾಡಿದ,” ಎಂದಳು ಒಡತಿ. ಮುಖದಲ್ಲಿ ಸಂತೋಷವೂ ಇತ್ತು, ಸಾವಿನ ಭಯವೂ ಇತ್ತು. “ಡಾಕ್ಟರ ಮುಂದೆ ಅಕ್ಕಾ ಅಂದ. ಯಾರನ್ನ ಕೊಟ್ಟೆಯೋ ನೀನು?”

“ಒಂದು ಹುಡುಗಿ ಎದುರಿಗೆ ಬಂತು,” ಎಂದ ತಮ್ಮ. ಎಷ್ಟೋ ಕಾಲ ಬಳಸದ ಗಂಟಲು ಅದು. “ಕತ್ತಲಲ್ಲಿ. ಅಣ್ಣ ಎಲ್ಲಿ ಅಂತ ಕೇಳ್ತಿತ್ತು.”

ಒಡತಿ ಗೋಡೆಯ ಕಡೆ ನೋಡಿದಳು. ನೋಡಿ ಕುಸಿದು ಕೂತಳು. ಹೊಸಬ ಅವಳ ಕಾಲು ಹಿಡಿದುಕೊಂಡ.

“ಏಳಪ್ಪ,” ಎಂದಳು ಅವಳು. “ಇವನನ್ನ ಬಿಡಿಸಿಕೊಳ್ಳೋಕೆ ಇನ್ನೊಬ್ಬರನ್ನ ಕೊಡಬೇಕಿತ್ತು. ನಾನು ಹೋಗಿಯೂ ಇವನು ಬರದಿದ್ರೆ, ಈ ಸ್ಥಿತೀಲಿ ಇವನನ್ನ ನೋಡೋರು ಯಾರು ಅಂತ ಧೈರ್ಯ ಸಾಲಲಿಲ್ಲ. ಇನ್ನೊಬ್ಬರ ಮನೆ ದೀಪ ಆರಿಸೋಕೂ ಮನಸ್ಸು ಬರಲಿಲ್ಲ. ಈಗ ಇವನು ಬಂದಿದ್ದಾನೆ, ನನಗಷ್ಟೇ ಸಾಕು. ಹಗಲಿನಲ್ಲಿ ಯಾವುದಾದ್ರೂ ಪ್ರಾಣಿಗೆ ನನ್ನ ಹೆಸರಿಡು. ಅದನ್ನ ಕೊಟ್ಟು ನಿನ್ನ ತಂಗೀನ ತಗೋ.”

ಅವನು ತಲೆ ಎತ್ತಲಿಲ್ಲ.

“ಹೆದರಬೇಡ, ಇರುಳಿನಲ್ಲಿ ಅವಳು ಹಾಗೇ ಇರ್ತಾಳೆ. ಆ ಸೆಲ್ಲು ಇರೋ ತನಕ ಜೀವಕ್ಕೆ ಏನೂ ಆಗಲ್ಲ. ಅದನ್ನ ಮಾತ್ರ ಕೀಳಬಾರದು. ಅವತ್ತು ಅದನ್ನೇ ಹೇಳೋಕೆ ಬಂದೆ, ನೀನು ನಗ್ತಿದ್ದೆ.” ಅವಳು ಮೇಜಿನತ್ತ ಕೈ ಚಾಚಿದಳು. ಕಡ್ಡಿಯಿಂದ ಇನ್ನೂ ಸಣ್ಣಗೆ ಹೊಗೆ ಏಳುತ್ತಿತ್ತು. ಕೈ ಅಲ್ಲೇ ನಿಂತಿತು. “ಸೆಲ್ಲು ಮುಟ್ಟಿಲ್ಲ ತಾನೇ?”

ಅವನು ಎದ್ದು ಇರುಳನ್ನು ಯಂತ್ರಕ್ಕೆ ಸಿಕ್ಕಿಸಿದ. ಮೊದಲ ಸಲ ಜಾರಿತು. ಎರಡನೇ ಸಲಕ್ಕೆ ಕೂತಿತು. ಪರದೆ ಬೆಳಗಿತು. ‘ಮುಂದುವರಿಸು’ ಎಂಬ ಸಾಲಿರಲಿಲ್ಲ. ಇದ್ದದ್ದು ‘ಹೊಸ ಆಟ’ ಒಂದೇ.

ಡಬ್ಬಿ ಬೋರಲು ಹಾಕಿದ. ಸೆಲ್ಲುಗಳು ನೆಲದ ತುಂಬ ಉರುಳಿದವು. ಎಲ್ಲವೂ ಒಂದೇ ಥರ. ಒಂದನ್ನು ಹಿಡಿದ, ಬಿಟ್ಟ. ಇನ್ನೊಂದನ್ನು ಹಿಡಿದ. ಕಿತ್ತ ಸೆಲ್ಲನ್ನು ಮತ್ತೆ ಕೂರಿಸಿದರೆ ಅಳಿಸಿದ್ದು ವಾಪಸ್ ಬರುವುದಿಲ್ಲವೆಂದು ಆ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಮಂಡಿಯೂರಿ ಹುಡುಕುತ್ತಲೇ ಇದ್ದ.

ಒಡತಿ ಎದ್ದಳು. ಮೂಲೆಯ ಖಾಲಿ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಟಪ್ ಟಪ್ ಎನ್ನುತ್ತಿದ್ದ ಹುಡುಗಿಯ ಹತ್ತಿರಕ್ಕೆ ಎಳೆದು ತಂದಳು.