ಕಬಡ್ಡಿ ಹಂಸಳ ಮಂಡಿಚಿಪ್ಪು

"ಕಾಲು ಬಿಡಿ... ಯಾರ್ರೀ ನೀವು?"

ಕಗ್ಗದಾಸಪುರದ ಕಬಡ್ಡಿ ಅಂಕಣದಲ್ಲಿ ಬಿದ್ದಿದ್ದ ಹಂಸ ನೋವಿನಲ್ಲೂ ಗದರಿದಳು. ಎದುರಾಳಿಯನ್ನು ಮುಟ್ಟಿ ಗರಕ್ಕನೆ ತಿರುಗುವಾಗ ಬಲ ಮಂಡಿಯ ಚಿಪ್ಪು ಹೊರಪಕ್ಕಕ್ಕೆ ಜಾರಿ ನಿಂತಿತ್ತು. ಪಂದ್ಯ ನೋಡಲು ಬಂದಿದ್ದ ಯುವಕನೊಬ್ಬ ಓಡಿಬಂದು ಅವಳ ಕಾಲು ಹಿಡಿದಿದ್ದ.

"ಅಭಿನವ್. ಫಿಜಿಯೋಥೆರಪಿಸ್ಟ್. ನನ್ನ ಮುಖ ನೋಡ್ತಾ ಇರಿ, ಕಾಲ್ ನೋಡ್ಬೇಡಿ."

ನೋಡಿದಳು. ಅಷ್ಟರಲ್ಲಿ ಅವನು ಕಾಲನ್ನು ಮೆಲ್ಲಗೆ ನೇರಮಾಡಿ, ಚಿಪ್ಪನ್ನು ಒಳಕ್ಕೆ ಒತ್ತಿ ಕೂರಿಸಿಬಿಟ್ಟಿದ್ದ. ನೋವು ಇಳಿಯಿತು. ಆದರೂ ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಅದಕ್ಕೆ ವೈದ್ಯಕೀಯ ಕಾರಣ ಯಾವುದೂ ಇರಲಿಲ್ಲ ಬಿಡಿ!

ಚಿಪ್ಪು ಜಾರುವುದು ಹೊಸದೇನಲ್ಲ. ಪ್ರತಿ ಸಲವೂ ಅಜ್ಜಿ ಅಕ್ಕಯಮ್ಮ ಗುಟ್ಟಾಗಿ ನಾಟಿ ವೈದ್ಯರಿಂದ ಪುತ್ತೂರು ಕಟ್ಟು ಹಾಕಿಸಿ, ಮನೆಯವರೆಲ್ಲರ ಬಾಯಿ ಮುಚ್ಚಿಸುತ್ತಿದ್ದರು. ಕಾಲಲ್ಲಿ ಐಬಿರುವ ಹುಡುಗಿಗೆ ಗಂಡು ಸಿಕ್ಕುವುದುಂಟೆ ಎಂಬುದು ಅವರ ಚಿಂತೆ. ಈ ಸಲ ಅಭಿನವ್ ಬಿಡಲಿಲ್ಲ, ಇಂದಿರಾನಗರದ ಮೂಳೆ ಡಾಕ್ಟರ ಬಳಿಗೆ ಕಳಿಸಿದ. ಚಿಪ್ಪನ್ನು ಒಳಗಡೆಯಿಂದ ಹಿಡಿದಿಡುವ ಪಟ್ಟಿಯೇ ಹರಿದಿದೆ, ಮತ್ತೆ ಆಡಬೇಕೆಂದರೆ ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಪಟ್ಟಿ ಕಟ್ಟಬೇಕು ಎಂದರು ಡಾಕ್ಟರು.

ಆಪರೇಷನ್ ಆಯಿತು. ವ್ಯಾಯಾಮ ಮಾಡಿಸಲು ಅಭಿನವ್ ಮನೆಗೇ ಬರತೊಡಗಿದ. ಇವನು ಯಾರೆಂದು ನೆರೆಮನೆಯ ಚಲುವಯ್ಯ ಕೇಳಿದರೆ, ಕಂಪ್ಯೂಟರ್ ಕಲಿಸುವ ಮೇಷ್ಟ್ರು ಎಂದುಬಿಟ್ಟರು ಅಜ್ಜಿ. ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ! ಚಲುವಯ್ಯ ತಮ್ಮ ಕೆಟ್ಟ ಕಂಪ್ಯೂಟರನ್ನು ತಂದು ಅವನ ಮುಂದಿಟ್ಟರು. ಪಾಪ, ಅವನು ಧೂಳು ಒರೆಸಿ, ವೈರು ಅಲ್ಲಾಡಿಸಿ, ಹೇಗೋ ಸರಿಮಾಡಿಯೂ ಕೊಟ್ಟ.

ಬೀದಿ ಬಾಗಿಲು ಮುಚ್ಚಿ, ಅಜ್ಜಿಯ ಕಾವಲಿನಲ್ಲಿ ಹಂಸ ತೊಡೆ ಬಿಗಿಹಿಡಿದಳು, ಕಾಲೆತ್ತಿದಳು, ಅತ್ತಳು, ಅವನನ್ನು ಬೈದಳು. ಮರುದಿನ ಅವನು ಬರುವುದು ಕೊಂಚ ತಡವಾದರೆ ಜೀವ ಚಡಪಡಿಸುತ್ತಿತ್ತು. 'ಇದೇನಾಯ್ತು ನನಗೆ...'

ತಿಂಗಳುಗಳು ಉರುಳಿ ಕಬಡ್ಡಿ ಟೂರ್ನಮೆಂಟ್ ಹತ್ತಿರ ಬಂತು. ಹಂಸಳ ಪ್ರಾಣವೆಲ್ಲ ಅಂಕಣದ ಮೇಲೆ. ಆದರೆ ಅಭಿನವ್, ಈ ಸಲ ಅವಳನ್ನು ಇಳಿಸಬೇಡಿ ಎಂದು ಕೋಚ್ ಕೆಂಪರಾಜ್‌ಗೆ ಹೇಳಿಬಿಟ್ಟಿದ್ದ. ಹಿಂದಿನ ದಿನವಷ್ಟೇ ಅಜ್ಜಿ ಅವನ ಕೈಹಿಡಿದು, ಅವಳಿಗೆ ಆಟ ಬಿಡಿಸಪ್ಪ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಅವನ ಉತ್ತರ ಕೇಳುವಷ್ಟು ತಾಳ್ಮೆ ಅವಳಿಗೆಲ್ಲಿ?

"ನೀವೂ ಅಜ್ಜಿ ಕಡೆ ಸೇರ್ಕೊಂಡ್ರಿ. ನಾಳೆಯಿಂದ ಬರ್ಬೇಡಿ."

"ಹಂಸ, ಒಂಟಿ ಕಾಲಲ್ಲಿ ನೆಗೆದಾಗ ಮಂಡಿ ಇನ್ನೂ ಅಲುಗ್ತಾ..."

"ಬರ್ಬೇಡಿ ಅಂದೆ."

ಅವನು ಹೋದ. ಅವಳಿಲ್ಲದೆಯೇ ಟೂರ್ನಮೆಂಟೂ ಮುಗಿಯಿತು. ಹಟಮಾರಿ ಹಂಸ ಒಬ್ಬಳೇ ವ್ಯಾಯಾಮ ಮಾಡಿದಳು. ಕಾಲು ಗಟ್ಟಿಯಾಗುತ್ತಿತ್ತು, ಮನಸ್ಸು ಮಾತ್ರ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು.

ಒಂದು ಬೆಳಿಗ್ಗೆ ಚಲುವಯ್ಯ, ಮೇಷ್ಟ್ರು ಯಾಕೆ ಬರುತ್ತಿಲ್ಲ ಎಂದು ವಿಚಾರಿಸಿದರು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಗೆ ಇನ್ನು ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಅವ್ನು ಮೇಷ್ಟ್ರಲ್ಲ ಚಲುವಯ್ಯ. ನನ್ ಮೊಮ್ಮಗಳ ಕಾಲು ನಿಲ್ಸಿದೋನು. ಆಟ ಬಿಡ್ಸು ಅಂತ ನಾನೇ ಬೇಡ್ಕೊಂಡೆ. ಅದಕ್ಕವ್ನು, ಆಗಲ್ಲ ಅಜ್ಜಿ, ಅವ್ಳು ಆಡ್ಲೇಬೇಕು, ಕಾಲು ಪೂರ್ತಿ ಗಟ್ಟಿಯಾಗೋವರ್ಗೂ ತಡೀತೀನಿ ಅಷ್ಟೇ ಅಂದ. ಇವ್ಳು ಅವ್ನನ್ನೇ ಓಡ್ಸಿದ್ಲು."

ಒಳಗಿದ್ದ ಹಂಸಳಿಗೆ ಎಲ್ಲವೂ ಕೇಳಿಸಿತು. 'ಅಯ್ಯೋ... ಎಂಥ ಕೆಲಸ ಮಾಡ್ಬಿಟ್ಟೆ!'

ಆಟೋ ಹಿಡಿದು ಇಂದಿರಾನಗರದಲ್ಲಿದ್ದ ಅಭಿನವನ ಕ್ಲಿನಿಕ್ಕಿಗೆ ಹೋದವಳು ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದಳು. ಅವನು ಬೈಯಲಿಲ್ಲ, ಮೊದಲು ನೆಗೆದು ತೋರಿಸಿ ಎಂದ. ಅವಳು ಎಡಗಾಲಲ್ಲಿ ನೆಗೆದಳು, ಆಮೇಲೆ ಬಲಗಾಲಲ್ಲಿ. ಅವನು ಟೇಪು ಹಿಡಿದು ಅಳೆದ. ಎರಡೂ ಸಮ. ಮಂಡಿ ಒಂಚೂರೂ ಅಲುಗಲಿಲ್ಲ.

"ಇನ್ನು ಆಡ್ಬಹುದು. ಕೋಚ್‌ಗೆ ನಾನೇ ಹೇಳ್ತೀನಿ." ಅವನ ನಗು ಅರ್ಧಕ್ಕೇ ನಿಂತಿತು. "ಈ ಕಾಲಿಗೆ ಇನ್ಮೇಲೆ ನಾನು ಬೇಕಾಗಿಲ್ಲ ಹಂಸ."

ಏಳು ಜನರ ನಡುವೆ ಹೆದರದೆ ನುಗ್ಗುವವಳು ಈಗ ಅಳೆದಳೆದು ಒಂದು ಹೆಜ್ಜೆ ಮುಂದಿಟ್ಟಳು.

"ಕಾಲಿಗೆ ಬೇಡ," ಎಂದಳು ಮೆಲ್ಲಗೆ. "ನನಗೆ ಬೇಕು."

ಅಭಿನವ್ ಕೈಯ ಟೇಪು ಕೆಳಗೆ ಬಿತ್ತು.

"ನನಗೂ..." ಎಂದ. "ನಾಳೆ ಮನೆಗೆ ಬರ್ಲಾ?"

"ಇವತ್ತೇ ಬನ್ನಿ. ಅಜ್ಜಿ ಮುದ್ದೆ, ಸೊಪ್ಪಿನ ಸಾರು ಮಾಡ್ತಿದಾರೆ. ಮುದ್ದೆ ನುಂಗೋಕೆ ಬರುತ್ತಾ?"

"ಬರಲ್ಲ. ಕಲಿಸ್ತೀರಾ?"

"ಕಲಿಸ್ತೀನಿ," ಎಂದಳು ಹಂಸ, ಅವನ ಕೈ ಹಿಡಿದು. "ಆದ್ರೆ ಬೇಗ ಕಲೀಬೇಡಿ."