ಹದಿನಾಲ್ಕನೆಯವನು

ಸಿಗ್ನಿ ಕ್ವಾಮ್ ಹಾಲಿನ ಟ್ಯಾಂಕರ್ ಓಡಿಸುತ್ತಾಳೆ. ನಾನು ಲೈಲ್, ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೂರು ವರ್ಷಗಳಿಂದ ಅವಳನ್ನು ಪ್ರೀತಿಸುತ್ತಿದ್ದೆ. ಅದನ್ನು ಅವಳಿಗೆ ಹೇಳುವುದೊಂದು ಬಾಕಿ ಇತ್ತು. ಒಲ್ಲೆ ಎಂದುಬಿಟ್ಟರೆ ಎಂಬ ಭಯ.

ಆ ಫೆಬ್ರವರಿ ಸಂಜೆ ಅಮೆರಿಕದ ನಮ್ಮ ಅಯೋವಾ ರಾಜ್ಯದ ಉಳಿದೆಲ್ಲ ಊರಿನವರಂತೆ ನಾವೂ ದೇಶದ ಅಧ್ಯಕ್ಷ ಪದವಿಗೆ ನಮ್ಮ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಶಾಲೆಯ ಜಿಮ್‌ನಲ್ಲಿ ಸೇರಿದ್ದೆವು. ನಮ್ಮಲ್ಲಿ ಮತಪೆಟ್ಟಿಗೆಯ ಗೊಡವೆಯಿಲ್ಲ. ನಮಗೆ ಬೇಕಾದವರ ಹೆಸರಿನ ಮೂಲೆಗೆ ಹೋಗಿ, ನೆರೆಹೊರೆಯವರ ಕಣ್ಣೆದುರೇ ನಿಲ್ಲಬೇಕು. ನೂರಕ್ಕೆ ಹದಿನೈದು ಮಂದಿ ಸೇರದ ಮೂಲೆ ಲೆಕ್ಕಕ್ಕಿಲ್ಲ. ಅಲ್ಲಿರುವವರನ್ನು ಉಳಿದವರು ಬಂದು ಓಲೈಸಿ ಕರೆದೊಯ್ಯಬಹುದು. ಗೊತ್ತಾದ ಸಮಯ ಮುಗಿಯುವವರೆಗೆ ಯಾರು ಬೇಕಾದರೂ ಮೂಲೆ ಬದಲಿಸಬಹುದು.

ಬಂದವರು ಎಂಬತ್ತೇಳು ಮಂದಿ. ಅದರಲ್ಲಿ ಹದಿನೈದು ಪರ್ಸೆಂಟ್ ಎಂದರೆ ಹದಿಮೂರರ ಮೇಲೆ ಒಂದು ಚೂರು. ಆ ಚೂರಿನ ದೆಸೆಯಿಂದ ಹದಿನಾಲ್ಕು ಜನ ಬೇಕು. ಅಭ್ಯರ್ಥಿಗಳಲ್ಲೊಬ್ಬರಾದ ಡಾಕ್ಟರ್ ಪ್ರೂಯಿಟ್ ಮೂಲೆಯಲ್ಲಿ ನಿಂತವರು ಹದಿಮೂರು. ಎಲ್ಲರಿಗಿಂತ ಮುಂದೆ ಸಿಗ್ನಿ, ಕೆಲಸದ ಬೂಟನ್ನೂ ಕಳಚದೆ, ಚಳಿಗೆ ಕೆನ್ನೆ ಕೆಂಪಾಗಿ, ನನ್ನನ್ನೇ ನೋಡುತ್ತಿದ್ದಳು. ನಾನು ನೋಡಿದೊಡನೆ ಗೋಡೆಯ ಗಡಿಯಾರ ನೋಡಿದಳು.

ನಾನು, ಗೆಲ್ಲುವುದು ಖಚಿತವೆಂದು ಎಲ್ಲರೂ ಹೇಳುತ್ತಿದ್ದ ಸೆನೆಟರ್ ಕಡೆಯ ಮುಖಂಡ. ಓಲೈಸುವ ಕೆಲಸ ನನ್ನ ತಲೆಗೇ ಬಂತು. ನನ್ನ ಗುಟ್ಟು ಬಲ್ಲ ನಮ್ಮ ಮೂಲೆಯ ಇನೆಜ್ ಅಜ್ಜಿ ಬೇಕೆಂದೇ ಕಣ್ಣು ಹೊಡೆದು ಕಳಿಸಿದಳು.

ಹೋಗಿ ಲೆಕ್ಕ ಒಪ್ಪಿಸಿದೆ. ಸಮೀಕ್ಷೆಯಲ್ಲಿ ಡಾಕ್ಟರ್‌ಗೆ ಒಂದು ಪರ್ಸೆಂಟ್, ಗೆಲ್ಲುವ ಮಾತೇ ಇಲ್ಲ, ವೋಟು ಸುಮ್ಮನೆ ಹಾಳು ಎಂದೆ. ಆ ಮೂಲೆಯ ಮುದುಕಿ ಹಿಲ್ಡಾ, ಆ ಡಾಕ್ಟರ್ ತನ್ನ ಮನೆಗೇ ಬಂದು ಅಡುಗೆಮನೆಯಲ್ಲಿ ಕೂತು ತಾನು ಹೇಳಿದ್ದನ್ನು ಬರೆದುಕೊಂಡನೆಂದೂ, ಎಂಬತ್ತು ವರ್ಷದಲ್ಲಿ ಬೇರಾರೂ ಕೇಳಿದ್ದಿಲ್ಲವೆಂದೂ ಹೇಳಿ ಬೆನ್ನು ತಿರುಗಿಸಿದಳು.

"ನಮ್ ಆಸ್ಪತ್ರೇಲಿ ಹೆರಿಗೆ ವಾರ್ಡ್ ಮುಚ್ಚಿದ್ರು," ಎಂದಳು ಸಿಗ್ನಿ. "ನನ್ ತಂಗಿ ಹೈವೇಲಿ, ಕಾರಲ್ಲಿ ಹೆತ್ಲು. ಆ ಮಾತು ಎತ್ತಿದ್ದು ಡಾಕ್ಟರ್ ಒಬ್ರೇ. ಸೋಲ್ತಾರೆ ಅಂತ ನಂಗೂ ಗೊತ್ತು ಲೈಲ್. ಆದ್ರೆ ನಾವು ಯಾರೂ ನಿಲ್ದೇ ಹೋದ್ರೆ, ಆ ವಾರ್ಡ್ ಯಾರಿಗೂ ಬೇಕಿರ್ಲಿಲ್ಲ ಅಂತಾರೆ."

ನಾನು ಮತ್ತೆ ಪರ್ಸೆಂಟ್ ಶುರುಮಾಡಿದೆ. ಅವಳು ಮೆಲ್ಲಗೆ ನಕ್ಕಳು. ಅವಳು ಹಾಗೆ ನಕ್ಕರೆ ನನಗೆ ಮಗ್ಗಿಯೂ ಮರೆತುಹೋಗುತ್ತದೆ.

"ಯಾರು ಗೆಲ್ತಾರೆ ಅನ್ನೋದು ಬಿಡು. ನಿಂಗೆ ಯಾರು ಬೇಕು, ಅದ್ ಹೇಳು."

"ನೀನು," ಎಂದೆ.

ಸೆನೆಟರ್ ಹೆಸರು ಹೇಳಬೇಕಿತ್ತು. ಬಾಯಿ ತಪ್ಪಿ ನಿಜ ಹೊರಬಿತ್ತು. ಜಿಮ್ ಎಂದರೆ ಪಿಸುಮಾತೂ ಮೊಳಗುವ ಜಾಗ. ಉಳಿದ ಎಂಬತ್ತೈದು ಮಂದಿ ನಮ್ಮತ್ತ ತಿರುಗಿದರು.

ಸಿಗ್ನಿಯ ಮುಖ ಕಿವಿಯವರೆಗೂ ಕೆಂಪೇರಿತು. ನನ್ನ ಕಾಲು ತಾನಾಗಿ ಅವಳ ಮೂಲೆಯತ್ತ ಹೆಜ್ಜೆ ಎತ್ತಿತು. ಅವಳು ಅಂಗೈ ನನ್ನ ಎದೆಗೆ ಆನಿಸಿ ತಡೆದಳು.

"ಡಾಕ್ಟರ್‌ಗೋಸ್ಕರ ಬರ್ತಿದೀಯಾ?"

ಸುಳ್ಳು ಹೇಳಲಾಗಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ವಾಪಸ್ ಹೋಗು."

ಹೋದೆ. ಅಷ್ಟು ಉದ್ದದ ಜಿಮ್ಮನ್ನು ನಾನು ಜೀವನದಲ್ಲಿ ನಡೆದಿರಲಿಲ್ಲ. ಸಮಯ ಮುಗಿಯಿತು. ಹದಿಮೂರು ಮಂದಿಯಲ್ಲಿ ಒಬ್ಬರೂ ಕದಲಲಿಲ್ಲ. ನಿಯಮದಂತೆ ಡಾಕ್ಟರ್ ಹೆಸರಿನ ಮುಂದೆ ಸೊನ್ನೆ ಬಿತ್ತು. ನಮ್ಮ ಕಡೆಯವರು ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ಜನ ಕೋಟು ಹಾಕಿಕೊಳ್ಳುತ್ತಿದ್ದಾಗ ಅವಳು ಆಟ ನೋಡುವವರ ಮೆಟ್ಟಿಲುಬೆಂಚಿನ ಮೇಲೆ ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಹೋಗಿ ಪಕ್ಕ ಕೂತೆ. ಬೈದರೆ ಬೈಯಲಿ ಎಂದುಕೊಂಡೆ.

"ನಾನು ಬಂದಿದ್ರೆ ಹದಿನಾಲ್ಕಾಗ್ತಿತ್ತು," ಎಂದೆ. "ಯಾಕ್ ಬೇಡ ಅಂದೆ?"

ಅವಳು ನನ್ನ ಕೈ ಎಳೆದು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಅವಳ ಬೆರಳು ತಣ್ಣಗಿತ್ತು.

"ಮೂರ್ ವರ್ಷ ಕಾದಿದೀನಿ ಮಾರಾಯ. ನೀನು ಬರೀ ತಲೆ ಲೆಕ್ಕಕ್ಕೆ ಬೇಕಾಗಿರ್ಲಿಲ್ಲ ನಂಗೆ."