ಕೃಷ್ಣಮ್ಮನ ಬಾಂದುಕಲ್ಲು

“ಆ ಕಲ್ಲಿಗೆ ಮಾತ್ರ ಕಟ್ಬ್ಯಾಡ ಕಣ್ಲಾ ದೇವು,” ಎಂದ ಕಿರಣ್‌ಕುಮಾರ್. “ಅದು ನಮ್ಮಜ್ಜಿ ಹೊಲದ ಬಾಂದುಕಲ್ಲು. ಅದರ ಬುಡದಲ್ಲಿ ಮಾಟ ಹೂತವ್ರೆ.”

ದೇವರಾಜ್ ನಕ್ಕ. ಜೀಪಿನ ಮೂತಿಯಲ್ಲಿದ್ದ ಎಳೆಯುವ ರಾಟೆಯಿಂದ, ಅಂದರೆ ವಿಂಚಿನಿಂದ, ಉಕ್ಕಿನ ಹಗ್ಗವನ್ನು ಬಿಡಿಸಿ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟ. “ನಿಮ್ಮಜ್ಜಿ ಹೊಲ ನೀರಿಗೆ ಹೋಗಿ ಯಾವ ಕಾಲ ಆಯ್ತು. ಮಾಟಾನೂ ಮೀನು ತಿಂದಾಕಿರ್ತವೆ ಬಿಡ್ಲಾ.”

ಹಾಸನದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ದೇವರಾಜ್ ಆ ಬೇಸಿಗೆಯಲ್ಲಷ್ಟೇ ಜೀಪು ಕೊಂಡಿದ್ದ. ರಸ್ತೆಯಿಲ್ಲದ ಕಡೆ ಓಡಿಸುವ ಹುಚ್ಚು ಹೊಸದು. ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದು, ಕಣ್ಣು ಹಾಯುವಷ್ಟು ದೂರ ಬಿರುಕುಬಿಟ್ಟ ನೆಲ ಮರುಭೂಮಿಯಂತೆ ಮಲಗಿದೆ ಎಂದು ಕೇಳಿ, ಕಾಲೇಜಿನ ಕಾಲದ ಗೆಳೆಯ ಕಿರಣನನ್ನು ಎಳೆದುಕೊಂಡು ಬಂದಿದ್ದ. ಕಿರಣ ಬ್ಯಾಂಕಿನ ನೌಕರ. ಅವನ ಅಜ್ಜಿಯ ಊರು ಇದೇ ನೀರಿನಡಿ ಹೋಗಿತ್ತು. ನೀರಂಚಿನಲ್ಲಿ ಡೇರೆ ಹಾಕಿ, ಕೋಳಿ ಬೇಯಿಸಿ ತಿಂದು, ಭಾನುವಾರ ಹಿಂತಿರುಗುವುದು ಲೆಕ್ಕಾಚಾರ.

ಆದರೆ ಮೇಲೆ ಒಣಗಿ ಹಪ್ಪಳದಂತೆ ಕಂಡ ನೆಲ ಜೀಪಿನ ಭಾರಕ್ಕೆ ಒಡೆದು, ಕೆಳಗಿನ ಕಪ್ಪು ಗೋಡುಮಣ್ಣು ಹಿಂದಿನ ಗಾಲಿಗಳನ್ನು ನುಂಗಿತ್ತು. ಗಾಲಿ ತಿರುಗಿದಷ್ಟೂ ಸತ್ತ ಬಸವನಹುಳುಗಳು, ಕೊಳೆತ ಜೊಂಡು, ಮೀನಿನ ಮುಳ್ಳು ಮೇಲೆದ್ದು ಸಿಡಿಯುತ್ತಿದ್ದವು. ಗಬ್ಬು ನಾತ. ಸುತ್ತ ಒಂದು ಮರವಿಲ್ಲ. ಹಗ್ಗ ಕಟ್ಟಲು ಇದ್ದದ್ದು ಸೊಂಟದೆತ್ತರದ ಆ ಕಲ್ಲೊಂದೇ.

ಕಿರಣ ಹಗ್ಗ ಮುಟ್ಟಲಿಲ್ಲ. ದೂರದಲ್ಲೇ ನಿಂತು ಹೇಳಿದ. ಅವನಜ್ಜಿ ಕೃಷ್ಣಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಪಕ್ಕದ ಹೊಲದ ಗೌಡ ಒಂದೊಂದು ಉಳುಮೆಗೂ ಬಾಂದುಕಲ್ಲನ್ನು ಅವಳ ಹೊಲದೊಳಕ್ಕೆ ಸರಿಸುತ್ತಿದ್ದ. ಕೇಳಿ ಕೇಳಿ ಸಾಕಾಗಿ ಅವಳು ಕೊಳ್ಳೇಗಾಲದ ಕಡೆಯಿಂದ ಮಾಟಗಾರನನ್ನು ಕರೆಸಿದಳು. ತನ್ನ ತಲೆಗೂದಲನ್ನೇ ಬೋಳಿಸಿ ಕೊಟ್ಟಳು.

“ಕಲ್ಲು ಅಲ್ಲಾಡಿಸಿದೋನ ಗಂಟಲಲ್ಲಿ ಅನ್ನ ಇಳೀಬಾರ್ದು ಅಂತ ಹೂಳಿಸಿದ್ಲಂತೆ. ಆಮೇಲೆ ಯಾರೂ ಮುಟ್ಟಲಿಲ್ಲ. ನೀರು ಬಂತು.”

“ಸರಿ, ಈಗ ನಾನು ಬಂದೆ,” ಎಂದು ದೇವರಾಜ್ ವಿಂಚಿನ ಗುಂಡಿ ಒತ್ತಿದ.

ಹಗ್ಗ ಬಿಗಿಯಿತು. ಜೀಪು ನರಳುತ್ತ ಮುಂದಕ್ಕೆ ತೆವಳಿತು. ಮುಂಗಾಲಿ ಗಟ್ಟಿ ನೆಲ ಹಿಡಿಯುವುದಕ್ಕೂ, ಕಲ್ಲು ಕೊಳೆತ ಹಲ್ಲು ಕಿತ್ತಂತೆ ಪಚಕ್ಕನೆ ಬುಡಸಮೇತ ಏಳುವುದಕ್ಕೂ ಸರಿಹೋಯಿತು. ಕುಳಿಯಲ್ಲಿ ಒಡೆದ ಮಡಕೆಯೊಂದು ಕಂಡಿತು. ಅದರೊಳಗೆ ಕೂದಲು. ಅಷ್ಟು ವರ್ಷ ಮಣ್ಣಿನಡಿ ಇದ್ದರೂ ಕಪ್ಪಗೆ, ಜಿಡ್ಡುಜಿಡ್ಡಾಗಿ, ಈಗಷ್ಟೇ ಹರಳೆಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಎಣ್ಣೆಯ ಕಮಟಿನ ಹಿಂದೆ ಕೀವಿನಂಥ ಇನ್ನೊಂದು ವಾಸನೆ.

ದೇವರಾಜ್ ಅದನ್ನು ಕಡ್ಡಿಯಲ್ಲಿ ಎತ್ತಿ ಗೆಳೆಯನತ್ತ ಆಡಿಸಿದ. “ನಿಮ್ಮಜ್ಜಿಗೆ ಒಳ್ಳೆ ಜಡೆ ಇತ್ತು ಬಿಡ್ಲಾ.” ನಕ್ಕು ಬಿಸಾಡಿದ. ಕೆಲವು ಎಳೆ ಮುಂಗೈಗೆ ಅಂಟಿಕೊಂಡವು. ಪ್ಯಾಂಟಿಗೆ ಒರೆಸಿಕೊಂಡ.

ಸೂರ್ಯ ಮುಳುಗುವ ಹೊತ್ತಿಗೆ ನೀರಂಚಿನಲ್ಲಿ ಡೇರೆ ಎದ್ದಿತ್ತು. ಕೋಳಿ ಸಾರು ಕುದಿದು ಘಮ್ಮೆನ್ನುತ್ತಿತ್ತು. ಹಸಿದಿದ್ದ ದೇವರಾಜ್ ಅನ್ನಕ್ಕೆ ಸಾರು ಕಲಸಿ ದೊಡ್ಡ ತುತ್ತು ಬಾಯಿಗಿಟ್ಟ. ನಾಲಿಗೆಗೆ ಏನೋ ಸುತ್ತಿಕೊಂಡಿತು. ಬೆರಳು ಹಾಕಿ ಎಳೆದ. ಕೂದಲು. ಎಳೆದಷ್ಟೂ ಬಂತು. ತುದಿ ಗಂಟಲೊಳಗಿತ್ತು.

ಕ್ಯಾಕರಿಸಿ ಉಗಿದ. ಬಾಯಿ ಮುಕ್ಕಳಿಸಿದ. ಎರಡನೇ ತುತ್ತು. ಕೂದಲು. ತಟ್ಟೆಯಲ್ಲಿ ಕಾಣದ್ದು ಬಾಯಿಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಕಿರಣ ಅದೇ ತಟ್ಟೆಯಿಂದ ತೆಗೆದು ಉಂಡ. ಅವನಿಗೆ ಏನೂ ಸಿಗಲಿಲ್ಲ. ಕಿರಣನ ತಟ್ಟೆಗೆ ದೇವರಾಜ್ ಕೈ ಹಾಕಿದ. ಅನ್ನದ ಅಗುಳು ಹಲ್ಲಿಗೆ ಸಿಕ್ಕಿ ಹೇನಿನ ಮೊಟ್ಟೆಯಂತೆ ಚಟಚಟ ಒಡೆಯಿತು. ಒಡೆದದ್ದರಿಂದೆಲ್ಲ ಎಳೆ. ಒದ್ದೆ ಎಳೆ. ಹರಳೆಣ್ಣೆ. ಕೀವು. ಉಸಿರು ಕಟ್ಟಿತು. ಎಳೆದ. ವಾಂತಿ ಬಂತು. ಕೈಯಲ್ಲಿ ಒಂದು ಹಿಡಿ ಕರಿ ಉಂಡೆ. ಅದು ಬೆಚ್ಚಗಿತ್ತು.

“ಕಲ್ಲು ವಾಪಸ್ ನಿಲ್ಸಣ ಕಣ್ಲಾ,” ಎಂದ ಕಿರಣ. ದೇವರಾಜ್ ಈ ಸಲ ನಗಲಿಲ್ಲ.

ಬೆಳಕು ಹರಿಯುತ್ತಲೇ ಇಬ್ಬರೂ ಕಲ್ಲನ್ನು ಅದೇ ಕುಳಿಯಲ್ಲಿ ನಿಲ್ಲಿಸಿ ಮಣ್ಣು ತುಳಿದರು. ದೇವರಾಜ್ ಅಲ್ಲೇ ಒಂದು ಬಿಸ್ಕತ್ತು ಬಾಯಿಗಿಟ್ಟು ನೋಡಿದ. ಮತ್ತೆ ಕೂದಲೇ ಬಂತು.

ಹಾಸನದ ಮನೆಯಲ್ಲಿ ಹೆಂಡತಿ ರೂಪಶ್ರೀ ಇಡ್ಲಿ ಮಾಡಿದಳು, ಗಂಜಿ ಮಾಡಿದಳು, ಹಣ್ಣು ಹಿಚುಕಿ ಕೊಟ್ಟಳು. ಅವನು ಬಚ್ಚಲಿನಲ್ಲಿ ಬಗ್ಗಿ ಎಳೆಯುವ ಸದ್ದು ಕೇಳಿ ಅವಳಿಗೂ ಊಟ ಸೇರದಾಯಿತು. ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿ, ಎಲ್ಲ ಚೆನ್ನಾಗಿದೆ ಎಂದರು. ಬಚ್ಚಲ ಜಾಲರಿಯಲ್ಲಿ ಕಟ್ಟಿಕೊಂಡಿದ್ದ ಕೂದಲಿನ ಕಪ್ಪು ಸಿಂಬೆಯನ್ನು ರೂಪಶ್ರೀ ಯಾರಿಗೂ ತೋರಿಸಲಿಲ್ಲ. ನೀರೊಂದು ಬಿಟ್ಟು ಬೇರೇನೂ ಅವನಿಗೆ ಇಳಿಯುತ್ತಿರಲಿಲ್ಲ. ಡ್ರಿಪ್ಪಿನ ಮೇಲೆ ಮಲಗಿ ಮಲಗಿ, ಕೆನ್ನೆ ಒಳಗೆ ಹೋಗಿ, ಅಂಗಿ ನೇತುಹಾಕಿದ ಗೂಟದಂತಾದ ಮೇಲೆ ಕಿರಣ ಅವನನ್ನು, ಊರು ಮುಳುಗಿದ ಮೇಲೆ ಅಜ್ಜಿ ನೆಲೆಸಿದ್ದ ಹಳ್ಳಿಮೈಸೂರಿಗೆ ಕರೆದೊಯ್ದ.

ಮಧ್ಯಾಹ್ನ. ಕೃಷ್ಣಮ್ಮ ಜಗಲಿಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳು. ಬೊಚ್ಚುಬಾಯಿ, ಬೋಳಿಸಿಕೊಂಡೇ ಉಳಿದ ತಲೆ. ಮೊಮ್ಮಗ ಹೇಳಿದ್ದನ್ನೆಲ್ಲ ಕೇಳಿ ಕೈ ನಿಲ್ಲಿಸಿದಳು.

“ಮಾಟ ತಗ್ದುಬುಡಿ ಅಮ್ಮ,” ಎಂದ ದೇವರಾಜ್. ದನಿಯೇ ಏಳಲಿಲ್ಲ. “ಏನು ಬೇಕಾದ್ರೂ ಮಾಡ್ತೀನಿ.”

“ತಗ್ಯಾಕೆ ನನ್ಗೆ ಬರಾಕಿಲ್ಲ ಕಣಪ್ಪ. ಮಾಡ್ದೋನು ಸತ್ತೋದ.”

“ಕಲ್ಲು ವಾಪಸ್ ನೆಟ್ವಿ ಕಣಜ್ಜಿ,” ಎಂದ ಕಿರಣ.

“ಕಲ್ಲು ನಿಂತಾತು. ನಾ ಆಡಿದ್ ಮಾತು ನಿಂತಾತ್ಲಾ?” ಅವಳು ಮುದ್ದೆಯ ಕೈಯನ್ನು ತಟ್ಟೆಯಂಚಿಗೆ ಒರೆಸಿದಳು. “ಅವತ್ತು ಇನ್ನೊಂದ್ ಮಾತೂ ಆಡಿದ್ದೆ. ನಿನ್ಗೆ ಏಳಿರ್ನಿಲ್ಲ ಕಣ್ಲಾ ಕಿರಣ. ಗೌಡ್ರ ಅಟ್ಟೀಲಿ ಎಂಜಲು ತಿಂದ್ಕಂಡು ಬೆಳ್ದೋಳು ನಾನು. ಒಟ್ಟೆ ಉರೀತಿತ್ತು. ಕಲ್ಲು ಕಿತ್ತೋನು ನನ್ ಎಂಜಲು ಉಂಡ್ರೇನೇ ಉಣ್ಬೇಕು, ಇಲ್ದಿದ್ರೆ ಇಲ್ಲ ಅಂದಿದ್ದೆ.” ಮುಖ ಎತ್ತಿ ದೇವರಾಜನತ್ತ ನೋಡಿದಳು. ಕಣ್ಣು ತೇವವಾಗಿತ್ತು. “ಆ ಗೌಡಂಗೆ ಅಂದಿದ್ದಪ್ಪ. ನಿನ್ಗಲ್ಲ.”

ತಟ್ಟೆಯನ್ನು ಅವನತ್ತ ತಳ್ಳಿದಳು.

ಅರ್ಧ ಮುರಿದ ಮುದ್ದೆ. ಅದರ ಮೇಲೆ ಅವಳ ಬೆರಳಿನ ಗುರುತು. ಬಾಯಿಂದ ಜಾರಿ ಬಿದ್ದ ಸೊಪ್ಪಿನ ದಂಟು, ಎಲೆಯಡಿಕೆಯ ಕೆಂಪು ಸೇರಿದ ಜೊಲ್ಲು ಸಾರಿನಲ್ಲಿ ದಾರದಂತೆ ತೇಲುತ್ತಿತ್ತು. ದೇವರಾಜನ ಹೊಳೆನರಸೀಪುರದ ತೋಟದ ಮನೆಯಲ್ಲಿ ಆಳುಗಳ ತಟ್ಟೆಯನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಡುತ್ತಿದ್ದರು. ಅದನ್ನು ಮುಟ್ಟಿದ್ದಕ್ಕೆ ಚಿಕ್ಕಂದಿನಲ್ಲಿ ಅವನಿಗೆ ಏಟು ಬಿದ್ದಿತ್ತು. ಅವನು ಕಣ್ಣು ಮುಚ್ಚಿಕೊಂಡ. ಮುರಿದ. ಅದ್ದಿದ. ನುಂಗಿದ.

ಇಳಿಯಿತು.

ಮತ್ತೆ ಮುರಿದ. ಮತ್ತೆ ಇಳಿಯಿತು. ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ದಂಟು, ಸಾರು, ತಟ್ಟೆಯಂಚಿಗೆ ಅಂಟಿದ್ದು, ಎಲ್ಲವನ್ನೂ ಬಳಿದು ನೆಕ್ಕಿದ. ಅಳುತ್ತಿದ್ದ. ಕಿರಣ ಎದ್ದು ಬೀದಿಗೆ ಇಳಿದ.

ಅಂದಿನಿಂದ ಜೀಪು ಓಡುವುದು ಹಾಸನದಿಂದ ಹಳ್ಳಿಮೈಸೂರಿಗೆ ಮಾತ್ರ. ಕಿರಣನ ಎಂಜಲನ್ನೂ ತಿಂದು ನೋಡಿದ್ದಾಯಿತು, ಕೂದಲೇ ಬಂತು. ಮುದುಕಿಯದ್ದೇ ಬೇಕು. ರೂಪಶ್ರೀ ಒಂದು ದಿನ ಜೊತೆಯಲ್ಲಿ ಬಂದು, ಗಂಡ ಉಣ್ಣುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಅವತ್ತಿನಿಂದ ಅವನ ಮಗ್ಗುಲಲ್ಲಿ ಮಲಗಲಿಲ್ಲ. ಅವನೂ ಕೇಳಲಿಲ್ಲ. ಅವನ ಧ್ಯಾನವೆಲ್ಲ ಕೃಷ್ಣಮ್ಮನ ಬಾಯಿಯ ಮೇಲಿತ್ತು. ಅವಳಿಗೆ ಮೆತ್ತಗಿನ ಬಾಳೆಹಣ್ಣು ತಂದ, ಮೀನು ತಂದ, ತಾನೇ ಮುಳ್ಳು ಬಿಡಿಸಿ ಕೊಟ್ಟ. ಅವಳು ಒಂದು ತುತ್ತು ಹೆಚ್ಚು ಉಂಡರೆ ಅವನಿಗೆ ಹಬ್ಬ.

ಮಳೆಗಾಲ ಹಿಡಿಯಿತು. ಮುದುಕಿಗೆ ಜ್ವರ ಬಂತು. ಹಟ್ಟಿಯೊಳಗೆ ಕಂಬಳಿಯ ಮುಗ್ಗಲು, ಕಷಾಯದ ಘಾಟು. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ದೇವರಾಜ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಂಜಿಯ ಬಟ್ಟಲನ್ನು ಅವಳ ತುಟಿಯ ಬಳಿ ಹಿಡಿದಿದ್ದ. ಬೆಳಗಿನಿಂದ ಹಾಗೇ ಹಿಡಿದಿದ್ದ.

“ಒಂದು ಗುಟುಕು ಕುಡೀರಿ ಅಮ್ಮ. ಬರೀ ತುಟಿ ತಾಗಿಸಿ. ಸಾಕು.”

ಕೃಷ್ಣಮ್ಮ ನಿಧಾನವಾಗಿ ಹೊರಳಿ ಕಣ್ಣು ತೆರೆದು ಅವನ ಸೊರಗಿದ ಮುಖ ನೋಡಿದಳು. ಜ್ವರದಲ್ಲಿ ಅವನು ಯಾರೆಂದು ಅವಳಿಗೆ ಗುರುತು ಹತ್ತಿದಂತಿರಲಿಲ್ಲ. ಯಾರೋ ಹಸಿದ ಹುಡುಗ ಎಂದುಕೊಂಡಳೋ ಏನೋ, ತುಟಿ ತಾಗಿಸದೆಯೇ ಬಟ್ಟಲನ್ನು ಕೈಯಿಂದ ಮೆಲ್ಲಗೆ ಅವನ ಕಡೆಗೇ ಸರಿಸಿದಳು.

“ನನ್ಗೆ ಸೇರಾಕಿಲ್ಲ ಕಣಪ್ಪ,” ಎಂದಳು. “ನೀನೇ ಉಣ್ಕ.”